ಅಂಚೆಪೆಟ್ಟಿಗೆ ಓಣಿಯ ಒಂಬತ್ತನೇ ರೀಲು

ನಮ್ಮೂರಿನಲ್ಲಿ ಹೆಣ್ಣು ನೋಡಲು ಹೋದರೆ ಜಾತಕಕ್ಕಿಂತ ಮೊದಲು ಕೇಳುವ ಮಾತು, "ನಿಮ್ಮನೇದು ಯಾವ ಪಿಕ್ಚರು?" ಎಂದು. ಎಲ್ಲೋ ತಯಾರಾಗಿ, ಎಲ್ಲೋ ಬಿಡುಗಡೆಯಾಗಿ, ಜನ ಬರದೆ ಎರಡು ಮೂರು ದಿನಕ್ಕೆ ಎತ್ತಂಗಡಿಯಾದ ಪಿಕ್ಚರುಗಳ ಡಬ್ಬಗಳೆಲ್ಲ ಕೊನೆಗೆ ನಮ್ಮೂರಿಗೇ ಬರುತ್ತವೆ. ಟಾಕೀಸಿನ ಹಿಂದೆ ಅವುಗಳಿಗೆಂದೇ ಒಂದು ಉದ್ದನೆಯ ಕೋಣೆಯಿದೆ. ಒಂದು ಮನೆಗೆ ಒಂದು ಪಿಕ್ಚರು. ಆ ಮನೆಯವರು ವರ್ಷಕ್ಕೊಂದು ಸಲವಾದರೂ ಅದನ್ನು ಮೊದಲಿನಿಂದ ಕೊನೆಯವರೆಗೆ ಕೂತು ನೋಡಬೇಕು. ನೋಡದೆ ಬಿಟ್ಟರೆ ಪಿಕ್ಚರು ಸವೆಯುತ್ತದೆ. ಮೊದಲು ಬಳೆಯ ಸದ್ದು, ಸೈಕಲ್ಲಿನ ಗಂಟೆ, ಹಕ್ಕಿಯ ಕೂಗು ಹೋಗುತ್ತವೆ. ಆಮೇಲೆ ಒಂದೇ ಒಂದು ದೃಶ್ಯದಲ್ಲಿ ಬಂದು ಹೋಗುವ ಸಣ್ಣ ಜನ. ಆಮೇಲೆ ದೊಡ್ಡವರ ಮಾತು, ಕೊನೆಗೆ ದೊಡ್ಡವರು. ಹೋದದ್ದು ಮತ್ತೆ ಎಷ್ಟು ನೋಡಿದರೂ ವಾಪಸು ಬರುವುದಿಲ್ಲ. ಕೆರೆಬೀದಿಯ ಒಂದು ಮನೆಯವರು ಊರು ಬಿಟ್ಟುಹೋಗಿ ಅವರ ಪಿಕ್ಚರು ಪೂರ್ತಿ ಬಿಳಿಯಾಗಿದೆ. ಅದನ್ನೂ ಎಸೆದಿಲ್ಲ.

ಹಾಗಂತ ಇದನ್ನು ಯಾರೂ ದೊಡ್ಡ ವ್ರತವೆಂದು ಮಾಡುವುದಿಲ್ಲ. ಎಮ್ಮೆಗೆ ಹುಲ್ಲು ಹಾಕಿದ ಹಾಗೆ, ತುಳಸಿಗೆ ನೀರು ಹಾಕಿದ ಹಾಗೆ. ಕೆಲವು ಮನೆಗಳಿಗೆ ನಿಜಕ್ಕೂ ಕೆಟ್ಟ ಪಿಕ್ಚರುಗಳೇ ಬಂದಿವೆ. ಕ್ಷೌರದ ಅಂಗಡಿಯ ತಿಮ್ಮರಾಜು ಮನೆಯದರಲ್ಲಿ ಹನ್ನೊಂದು ಹೊಡೆದಾಟ, ಸತ್ತವನೊಬ್ಬ ಮರೆತು ಮತ್ತೆ ಬಂದುಬಿಡುತ್ತಾನೆ. ಅವರೂ ಬೈದುಕೊಂಡೇ ನೋಡುತ್ತಾರೆ. ಆದರೆ ಹೆಚ್ಚಿನವು ಒಳ್ಳೆಯವು. ಇಷ್ಟು ಒಳ್ಳೆಯದನ್ನು ಜನ ಯಾಕೆ ನೋಡಲಿಲ್ಲ ಎಂದು ಚಹಾದಂಗಡಿಯಲ್ಲಿ, ನಲ್ಲಿಯ ಹತ್ತಿರ ಮಾತು ಬಂದರೆ ಮುಗಿಯುವುದೇ ಇಲ್ಲ.

ನಾನು ಸೊಸೆಯಾಗಿ ಬಂದ ಮನೆಯದು "ಅಂಚೆಪೆಟ್ಟಿಗೆ ಓಣಿ". ಕಥೆ ಅಂಥ ದೊಡ್ಡದೇನಲ್ಲ. ಒಂದು ಓಣಿಯ ಅಂಚೆಪೆಟ್ಟಿಗೆಗೆ ಯಾರೂ ಕಾಗದ ಹಾಕುತ್ತಿಲ್ಲ, ಕಿತ್ತುಬಿಡಿ ಎಂದು ಮೇಲಿನವರು ಬರೆಯುತ್ತಾರೆ. ಓಣಿಯ ಪೋಸ್ಟ್‌ಮನ್ನು ಮನೆಮನೆಗೆ ಹೋಗಿ, ಒಂದು ಕಾಗದ ಬರೀರಿ ಎಂದು ಬೇಡಿಕೊಳ್ಳುತ್ತಾನೆ. ಯಾರಿಗೆ ಬರೆಯೋಣ ಎಂದು ಜನ ಕೇಳುತ್ತಾರೆ. ಹಾಡಿಲ್ಲ, ಹೊಡೆದಾಟವಿಲ್ಲ. ಒಂದು ಕಡೆ ಪೋಸ್ಟ್‌ಮನ್ನು ನೆಂದುಹೋದ ಕಾಗದವೊಂದನ್ನು ಒಲೆಯ ಶಾಖಕ್ಕೆ ಹಿಡಿದು ಒಣಗಿಸುತ್ತಾನೆ. ಅಕ್ಷರ ಕದಡದಿರಲಿ ಎಂದು ಅವನು ಉಸಿರು ಹಿಡಿದಿರುತ್ತಾನೆ, ನೋಡುವವರೂ ಹಿಡಿದಿರುತ್ತಾರೆ. ಅಷ್ಟೊತ್ತು ಒಂದು ಮಾತೂ ಇಲ್ಲ. ಅದೊಂದಕ್ಕಾದರೂ ಆ ಪಿಕ್ಚರು ನೂರು ದಿನ ಓಡಬೇಕಿತ್ತು ಎಂದು ನಮ್ಮೆಜಮಾನರು ಮಹಲಿಂಗಯ್ಯನವರು ಹೇಳುತ್ತಿದ್ದರು. ಅದು ಓಡಿದ್ದು ನಾಲ್ಕೇ ದಿನ.

ನಮ್ಮದು ಹಿಟ್ಟಿನ ಮಿಲ್ಲು. ದೀಪಾವಳಿ ಕಳೆದ ಮೂರನೇ ಮಂಗಳವಾರ ಮಧ್ಯಾಹ್ನ ಮಿಲ್ಲು ಮುಚ್ಚಿ, ತಲೆಯ ಮೇಲಿನ ಹಿಟ್ಟು ಕೊಡವಿಕೊಂಡು, ನಾವಿಬ್ಬರೂ ಟಾಕೀಸಿಗೆ ಹೋಗುತ್ತಿದ್ದೆವು. ಆಪರೇಟರ್ ದಸ್ತಗೀರ್ ಸಾಬರು ಮೇಲಿನಿಂದ ಪಿಕ್ಚರು ಬಿಡುತ್ತಿದ್ದರು. ಅವರು ತೂತಿನಿಂದ ಬಗ್ಗಿ ನೋಡುವುದು ಬೆಳಕು ಸರಿಯಾಗಿದೆಯೇ ಎಂದಷ್ಟೇ. ಅದು ನೋಡಿದ ಲೆಕ್ಕಕ್ಕೆ ಬರುವುದಿಲ್ಲ. ಇಪ್ಪತ್ತಾರು ವರ್ಷ ಹಾಗೆ ನೋಡಿದೆವು. ನಮ್ಮೆಜಮಾನರದ್ದು ಒಂದು ಕೆಟ್ಟ ಅಭ್ಯಾಸ. ನಗುವ ದೃಶ್ಯ ಬರುವುದಕ್ಕೆ ಮುಂಚೆಯೇ ನಗುತ್ತಿದ್ದರು. "ಈಗ ನೋಡು, ಈಗ ನೋಡು" ಎಂದು ನನ್ನ ಮೊಣಕೈ ತಿವಿಯುತ್ತಿದ್ದರು. ನನಗೂ ಅದೆಲ್ಲ ಬಾಯಿಪಾಠವಾಗಿದೆ ಎಂಬುದು ಅವರಿಗೆ ಹೊಳೆಯುತ್ತಲೇ ಇರಲಿಲ್ಲ. ನಾನೂ ಪ್ರತಿ ಸಲ ಹೊಸದಾಗಿ ನೋಡಿದವಳ ಹಾಗೆ ನಗುತ್ತಿದ್ದೆ. ನಮಗೆ ಮಕ್ಕಳಾಗಲಿಲ್ಲ. ವರ್ಷಕ್ಕೊಂದು ಸಲ ಕತ್ತಲೆಯಲ್ಲಿ ಹಾಗೆ ಪಕ್ಕಪಕ್ಕ ಕೂರುವುದು ನಮ್ಮಿಬ್ಬರ ಹಬ್ಬವಾಗಿತ್ತು.

ಒಂದು ಶನಿವಾರ ಬೆಳಿಗ್ಗೆ ಮಿಷನ್ನಿನ ಬೆಲ್ಟು ಏರಿಸುತ್ತಿದ್ದವರು ಹಾಗೇ ರಾಗಿ ಚೀಲಕ್ಕೆ ಒರಗಿ ಕೂತರು. ಮತ್ತೆ ಏಳಲಿಲ್ಲ.

ಆ ವರ್ಷ ದೀಪಾವಳಿ ಕಳೆದು ಮೂರನೇ ಮಂಗಳವಾರ ಬಂತು. ಒಬ್ಬಳೇ ಹೋದೆ. ಯಾವಾಗಲೂ ಕೂರುವ ಜಾಗದಲ್ಲೇ ಕೂತೆ. ಮೊದಲ ನಗುವ ದೃಶ್ಯ ಬರುವ ಹೊತ್ತಿಗೆ ಪಕ್ಕದಿಂದ ನಗು ಬರಲಿಲ್ಲ. ಸೆರಗು ಎಳೆದು ಮುಖ ಮುಚ್ಚಿಕೊಂಡೆ. ಪಿಕ್ಚರು ಮುಗಿಯುವವರೆಗೆ ತೆಗೆಯಲಿಲ್ಲ. ಮರುವರ್ಷ ಈ ಸಲ ನೋಡಲೇಬೇಕು ಎಂದುಕೊಂಡೇ ಹೋದೆ. ದೀಪ ಆರಿದ ತಕ್ಷಣ ಕೈ ತಾನೇ ಸೆರಗಿಗೆ ಹೋಯಿತು. ದಸ್ತಗೀರ್ ಸಾಬರು ಮೇಲಿನಿಂದ ನೋಡಿದರೆ ನಾನು ಕೂತಿರುವುದು ಕಾಣುತ್ತಿತ್ತು, ಅಷ್ಟೇ. ಕೂತಿದ್ದೆನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಯಾರಿಗೂ ತಿಳಿಸಲಿಲ್ಲ.

ಅದಾಗಿ ಎರಡು ತಿಂಗಳಿಗೆ ನೀಲಕಂಠಪ್ಪ ಬಂದರು.

ಗುರುವಾರ ಮೆಣಸಿನಕಾಯಿ ಬೀಸುವ ದಿನ. ಘಾಟಿಗೆ ಯಾರೂ ಮಿಲ್ಲಿನ ಹತ್ತಿರ ಸುಳಿಯುವುದಿಲ್ಲ. ಅವತ್ತು ಬಾಗಿಲಲ್ಲಿ ಒಬ್ಬ ಮುದುಕರು ಕೆಮ್ಮುತ್ತ ನಿಂತಿದ್ದರು. ಎತ್ತರದ ಆಳು, ಬಗಲಲ್ಲಿ ಹಳೆಯ ಚರ್ಮದ ಚೀಲ. ಮಿಷನ್ನು ನಿಲ್ಲಿಸಿ ಹೊರಗೆ ಬಂದೆ.

"ಅಂಚೆಪೆಟ್ಟಿಗೆ ಓಣಿ ಇರೋ ಮನೆ ಇದೇನಾ ತಾಯಿ?"

"ಹೌದು. ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ. ಎಲ್ಲಿಂದ ಬಂದ್ರಿ?"

ಕೂರಲಿಲ್ಲ. ಕಣ್ಣೀರು ಒರೆಸಿಕೊಂಡರು, ಮೆಣಸಿನಕಾಯಿಯದೋ ಏನೋ. "ಮೂರು ಬಸ್ಸು ಬದಲಾಯಿಸಿ ಬಂದೆ. ಆ ಪಿಕ್ಚರಲ್ಲಿ ನನ್ನ ಹೆಂಡ್ತಿ ಇದಾಳೆ."

ನಾನು ನೀರು ತಂದುಕೊಟ್ಟೆ. ಜಗಲಿಯ ಮೇಲೆ ಕೂತು ನಿಧಾನಕ್ಕೆ ಹೇಳಿದರು. ಅವರು ಬಸ್ ಕಂಡಕ್ಟರಾಗಿದ್ದವರು. ಮದುವೆಯಾದ ಹೊಸತರಲ್ಲಿ ಅವರಿದ್ದ ಓಣಿಗೇ ಪಿಕ್ಚರಿನವರು ಬಂದರಂತೆ. ಒಂದು ದೃಶ್ಯಕ್ಕೆ ಬರಬೇಕಾಗಿದ್ದ ಹುಡುಗಿ ಬರಲಿಲ್ಲ. ಗಡ್ಡದ ಡೈರೆಕ್ಟರು ಅತ್ತಿತ್ತ ನೋಡಿ, ಮನೆ ಮುಂದೆ ಸಂಡಿಗೆ ಹಾಕುತ್ತಿದ್ದ ಇವರ ಹೆಂಡತಿ ತಾರಾಮಣಿಯನ್ನು, "ಅಕ್ಕಾ, ಒಂದು ಕಾಗದ ತಂದು ಈ ಪೆಟ್ಟಿಗೆಗೆ ಹಾಕ್ತೀರಾ?" ಎಂದು ಕೇಳಿದನಂತೆ. ಒಂದು ಮಾತೂ ಹೇಳಿಕೊಟ್ಟನಂತೆ.

"ಬಿಡುಗಡೆಯಾದಾಗ ರಜ ಸಿಗಲಿಲ್ಲ ನಂಗೆ. ಐದನೇ ದಿನ ಸಿಕ್ತು. ಅವಳು ರೇಷ್ಮೆ ಸೀರೆ ಉಟ್ಕೊಂಡು, ಇಬ್ರೂ ಪಟ್ಟಣಕ್ಕೆ ಹೋದ್ವಿ. ಟಾಕೀಸ್ ಮುಂದೆ ಒಬ್ಬ ಏಣಿ ಹತ್ಕೊಂಡು ಆ ಪೋಸ್ಟರ್ ಮೇಲೆ ಬೇರೆ ಪೋಸ್ಟರ್ ಅಂಟಿಸ್ತಿದ್ದ. ಆಮೇಲೆ ಅದು ಎಲ್ಲೂ ಬರಲೇ ಇಲ್ಲ. ನಿಮ್ಮೂರಲ್ಲಿದೆ ಅಂತ ಮೊನ್ನೆ ಮೊನ್ನೆ ತಿಳೀತು."

"ಅವ್ರು ಈಗ..."

"ನಾಕು ತಿಂಗಳಾಯ್ತು. ಗಂಟಲಿಗೆ ಕಾಯಿಲೆ ಬಂತು. ಕೊನೇ ಎರಡು ವರ್ಷ ಮಾತೇ ಹೊರಡ್ತಿರಲಿಲ್ಲ. ಸ್ಲೇಟಲ್ಲಿ ಬರ್ದು ತೋರಿಸೋಳು." ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. "ಮನೇಲಿ ಅವಳದ್ದು ಒಂದು ಫೋಟೋ ಇದೆ, ಮದುವೇದು. ಅದ್ರಲ್ಲೂ ತಲೆ ತಗ್ಗಿಸಿದಾಳೆ, ಬೈತಲೆ ಮಾತ್ರ ಕಾಣುತ್ತೆ. ಅವಳ ದನಿ ಹೇಗಿತ್ತು ಅಂತ ಈಗ ನೆನಪು ಮಾಡ್ಕೊಳ್ಳೋಕೆ ಹೋದ್ರೆ ಬರೋದೇ ಇಲ್ಲ ತಾಯಿ. ಇನ್ನೊಂದು ವಿಷ್ಯ. ನನ್ನ ಮೇಲೆ ಸಿಟ್ಟು ಬಂದಾಗೆಲ್ಲ, ನೀವು ಅವತ್ತು ನೋಡ್ಲೇ ಇಲ್ಲ ಅನ್ನೋಳು. ಏನು ನೋಡ್ಲಿಲ್ಲ ಅಂತ ಕೇಳಿದ್ರೆ, ಪಿಕ್ಚರಲ್ಲಿದೆ ಹೋಗಿ ನೋಡ್ಕೊಳ್ಳಿ ಅನ್ನೋಳು. ಅದೇನು ಅಂತ ನೋಡ್ಬೇಕು."

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಪಿಕ್ಚರು ಹಾಕಿಸುತ್ತೇನೆ ಎಂದೆ. ಬಸ್ ಸ್ಟ್ಯಾಂಡಿನ ಹತ್ತಿರದ ವಸತಿಗೃಹಕ್ಕೆ ಕಳಿಸಿದೆ. ಅವರು ತಿರುವಿನಲ್ಲಿ ಮರೆಯಾದ ಮೇಲೆ ಮಿಲ್ಲಿಗೆ ಬೀಗ ಹಾಕಿ, ಕೈಯಲ್ಲಿದ್ದ ಖಾರವನ್ನೂ ತೊಳೆಯದೆ ಟಾಕೀಸಿಗೆ ಓಡಿದೆ.

ದಸ್ತಗೀರ್ ಸಾಬರು ಮೇಲಿನ ಕೋಣೆಯಲ್ಲಿ ರೀಲು ಸುತ್ತುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ, ಸೆರಗು ಮುಚ್ಚಿಕೊಂಡಿದ್ದನ್ನೂ. ಅವರು ಟಾಕೀಸಿನ ಹಿಂದಿನ ಕೋಣೆಗೆ ಹೋಗಿ ನಮ್ಮ ಡಬ್ಬಗಳಲ್ಲಿ ಒಂಬತ್ತನೆಯದನ್ನು ತಂದರು. ಬಿಳಿ ಗಾಜಿನ ಕೆಳಗೆ ದೀಪ ಹಾಕಿ, ರೀಲು ಬಿಚ್ಚಿ, ನನ್ನ ಕೈಗೆ ಭೂತಗನ್ನಡಿ ಕೊಟ್ಟರು. ಓಣಿಯಿತ್ತು. ಪೋಸ್ಟ್‌ಮನ್ನು ಇದ್ದ. ಅಂಚೆಪೆಟ್ಟಿಗೆಯಿತ್ತು. ಅದರ ಮುಂದೆ ತಾರಾಮಣಿ ನಿಲ್ಲುತ್ತಿದ್ದ ಜಾಗದಲ್ಲಿ ಬರೀ ನೆಲ. ಒಂದೊಂದೇ ಚೌಕ ಎಳೆದು ನೋಡಿದೆ. ಒಂದರಲ್ಲೂ ಇರಲಿಲ್ಲ.

"ಯಾ ಅಲ್ಲಾ," ಎಂದರು ಸಾಬರು. "ನಂಗೆ ಒಂದು ಮಾತು ಹೇಳಬಾರದಿತ್ತೇನ್ರೀ ಅಂಬುಜಮ್ಮ? ಪಕ್ಕದಲ್ಲಿ ನಾನೇ ಬಂದು ಕೂರ್ತಿದ್ನಲ್ಲ. ಮಹಲಿಂಗಯ್ಯ ನಂಗೇನು ಹೊರಗಿನವನಾ?"

ನನಗೆ ಅಳುವುದಕ್ಕೂ ನಾಚಿಕೆಯಾಯಿತು. "ಈಗೇನ್ಮಾಡೋದು ಸಾಬ್ರೇ?"

ಅವರು ರೀಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಒಂಬತ್ತನೇ ರೀಲು ಹರಿದುಹೋಗಿದೆ ಅಂತ ಹೇಳೋಣ. ಎಂಟಾದ್ಮೇಲೆ ಹತ್ತು ಹಾಕ್ತೀನಿ. ರೀಲು ಹರಿಯೋದು ಯಾರ ತಪ್ಪೂ ಅಲ್ಲ. ಅವ್ರಿಗೂ ದುಃಖ ಒಂದೇ ಸಲಕ್ಕೆ ಮುಗಿಯುತ್ತೆ."

"ಹಾಗೇ ಮಾಡಿ," ಎಂದೆ. ಎಷ್ಟು ಬೇಗ ಒಪ್ಪಿಕೊಂಡೆ ಎಂದು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ.

ಭಾನುವಾರ ಅವರನ್ನು ಕರೆದುಕೊಂಡು ಬರಲು ಹೋದೆ. ವಸತಿಗೃಹದ ಮುಂದೆ ಸಿದ್ಧರಾಗಿ ನಿಂತಿದ್ದರು. ನುಣ್ಣಗೆ ಗಡ್ಡ ಹೆರೆದು, ಹೊಸ ಬಿಳಿ ಅಂಗಿ ಹಾಕಿದ್ದರು. ಅಂಗಿಯ ಮಡಿಕೆಯ ಗೆರೆಗಳು ಹಾಗೇ ಇದ್ದವು. "ಕಾಲರ್ ಸರಿಯಾಗಿದ್ಯಾ ನೋಡಿ ತಾಯಿ, ಕನ್ನಡಿ ಚೂರು ಮಾತ್ರ ಕೊಟ್ಟಿದಾರೆ," ಎಂದರು. ಸರಿಮಾಡಿದೆ. ದಾರಿಯಲ್ಲಿ ಹೇಳಿಬಿಡೋಣ ಎಂದು ನಾಲ್ಕು ಸಲ ಬಾಯಿ ತೆರೆದೆ. ಅವರು ಹುಡುಗನ ಹಾಗೆ ಮುಂದೆ ಮುಂದೆ ನಡೆಯುತ್ತಿದ್ದರು.

ಊರಿಗೆ ಸುದ್ದಿ ಹೇಗೋ ಹಬ್ಬಿತ್ತು. ಯಾರದೋ ಹೆಂಡತಿಯನ್ನು ನೋಡಲು ಗಂಡ ಬಂದಿದ್ದಾರೆ ಎಂದು ಟಾಕೀಸು ಅರ್ಧ ತುಂಬಿತ್ತು. ತಿಮ್ಮರಾಜು ಅಂಗಡಿ ಮುಚ್ಚಿ ಬಂದಿದ್ದ. ಹೆಂಗಸರು ಒಗೆದ ಸೀರೆ ಉಟ್ಟು ಬಂದಿದ್ದರು. ಎಲ್ಲರೂ ನೀಲಕಂಠಪ್ಪನವರಿಗೆ ನಡುವಿನ ಒಳ್ಳೆಯ ಜಾಗ ಬಿಟ್ಟುಕೊಟ್ಟರು. ನಾನು ಅವರ ಪಕ್ಕ ಕೂತೆ.

ಎರಡು ವರ್ಷದ ಮೇಲೆ ಮೊದಲ ಸಲ ಕಣ್ಣು ಬಿಟ್ಟು ನೋಡಿದೆ. ಓಣಿಯಲ್ಲಿ ಸದ್ದಿರಲಿಲ್ಲ. ಪೋಸ್ಟ್‌ಮನ್ನನ ಸೈಕಲ್ಲು ಮೂಕವಾಗಿ ಹೋಗುತ್ತಿತ್ತು. ಕಟ್ಟೆಯ ಮೇಲೆ ಹರಟುತ್ತಿದ್ದ ನಾಲ್ವರಲ್ಲಿ ಒಬ್ಬರೂ ಇರಲಿಲ್ಲ. ಆದರೆ ಮೊದಲು ನೋಡಿರದ ನೀಲಕಂಠಪ್ಪನವರಿಗೆ ಅದು ತಿಳಿಯುವುದು ಹೇಗೆ? ಅವರು ಪಿಕ್ಚರಿನೊಳಗೇ ಹೋಗಿಬಿಟ್ಟಿದ್ದರು. ಪೋಸ್ಟ್‌ಮನ್ನು ಕಾಗದ ಒಣಗಿಸುವಾಗ ಅವರ ಉಸಿರು ನಿಂತದ್ದು ನನಗೆ ಕೇಳಿಸಿತು.

ಮಧ್ಯಂತರಕ್ಕೆ ದೀಪ ಹತ್ತಿತು. ಅವರು ಹೊರಗೆ ಬಂದು ನನಗೂ ಒಂದು ಪೊಟ್ಟಣ ಕಡಲೆಕಾಯಿ ಕೊಡಿಸಿದರು. ಮುಖ ಕೆಂಪಾಗಿತ್ತು. "ಎಂಥಾ ಪಿಕ್ಚರು ತಾಯಿ! ಇದನ್ನ ನಾಕು ದಿನಕ್ಕೆ ತೆಗೆದ್ರಲ್ಲ, ಅವ್ರಿಗೆ ಏನನ್ನಬೇಕು? ನಾನು ಏನೋ ನಮ್ಮೋಳಿದಾಳೆ ಅಂತ ಬಂದೆ. ಅವಳಿಲ್ಲದಿದ್ರೂ ಬರಬೇಕಾದ ಪಿಕ್ಚರು." ಮತ್ತೆ ದನಿ ತಗ್ಗಿಸಿ, "ಇನ್ನು ಎಷ್ಟೊತ್ತಿಗೆ ಬರ್ತಾಳೆ ಅವಳು?" ಎಂದರು.

ರೀಲು ಹರಿದುಹೋಗಿದೆ ಎನ್ನಬೇಕಿತ್ತು. ಮಾತು ತುಟಿಯವರೆಗೆ ಬಂದಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಅವ್ರು ಬರಲ್ಲ ಯಜಮಾನ್ರೇ. ನಾನು ಕಳ್ಕೊಂಡೆ," ಎಂದೆ. ಎಲ್ಲವನ್ನೂ ಹೇಳಿದೆ. ನಿಂತ ಜಾಗದಲ್ಲೇ, ಕಡಲೆಕಾಯಿ ಕೈಯಲ್ಲಿ ಹಿಡಿದುಕೊಂಡೇ. ಸುತ್ತ ನಿಂತಿದ್ದವರಿಗೂ ಕೇಳಿಸಿತು. ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಳಿಸಿದರು.

ನೀಲಕಂಠಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚೀಲವನ್ನು ಬಗಲಿಂದ ತೆಗೆದು ಮತ್ತೆ ಬಗಲಿಗೇ ಹಾಕಿಕೊಂಡರು. "ಪೂರ್ತಿ ಹೋಗಿದ್ಯಾ?"

"ಪೂರ್ತಿ."

"ದನೀನೂ?"

ತಲೆಯಾಡಿಸಿದೆ.

ಗಂಟೆ ಹೊಡೆಯಿತು. ಅವರು ಒಳಗೆ ಹೋಗಿ ನನ್ನ ಪಕ್ಕ ಕೂರದೆ, ಮುಂದಿನ ಸಾಲಿನ ಮೂಲೆಯಲ್ಲಿ ಒಬ್ಬರೇ ಕೂತರು. ನಾನು ಮೇಲೆ ಓಡಿಹೋಗಿ ಒಂಬತ್ತನೇ ರೀಲು ಹಾಕಿ ಎಂದು ಸಾಬರಿಗೆ ಹೇಳಿಬಂದೆ. ಅವರು ನನ್ನ ಮುಖ ನೋಡಿ ಡಬ್ಬಕ್ಕೆ ಕೈ ಹಾಕಿದರು.

ಒಂಬತ್ತನೇ ರೀಲು ಬಂತು. ಬಿಸಿಲಿನ ಓಣಿ. ಬಲಗಡೆ ಒಂದು ಮನೆ, ನೀಲಿ ಬಾಗಿಲು, ಜಗಲಿಯ ಮುಂದೆ ಚಾಪೆಯ ಮೇಲೆ ಸಾಲುಸಾಲು ಸಂಡಿಗೆ. ಪೋಸ್ಟ್‌ಮನ್ನು ಪೆಟ್ಟಿಗೆಯ ಬೀಗ ತೆಗೆಯುತ್ತಾನೆ. ಯಾರೋ ಕರೆದ ಹಾಗೆ ತಲೆಯೆತ್ತುತ್ತಾನೆ. ಯಾರೂ ಇಲ್ಲ. ಅವನು ಬರೀ ಬಿಸಿಲಿಗೆ ನಕ್ಕು, "ಹೋಗಿಲ್ಲಮ್ಮಾ, ಹಾಕು," ಎನ್ನುತ್ತಾನೆ. ಆಮೇಲೆ ಅವಳು ಬಂದು, ಕಾಗದ ಹಾಕಿ, ತಿರುಗಿ ಹೋಗುವಷ್ಟು ಹೊತ್ತೂ ಪೆಟ್ಟಿಗೆಯನ್ನು ನೋಡುತ್ತ ನಿಲ್ಲುತ್ತಾನೆ. ಮುಂದಿನ ಸಾಲಿನ ಮೂಲೆಯಿಂದ, "ಅದು ನಮ್ಮನೆ," ಎಂದು ಒಂದು ದನಿ ಬಂತು. ಯಾರಿಗೆಂದು ಹೇಳಿದ್ದಲ್ಲ.

ಪಿಕ್ಚರು ಮುಗಿದು ದೀಪ ಹತ್ತುವ ಮೊದಲೇ ಅವರು ಎದ್ದು ಹೋಗಿದ್ದರು. ಹೆಂಗಸರು ನನ್ನನ್ನು ದಾಟಿಕೊಂಡು ಹೊರಟರು. ತಿಮ್ಮರಾಜುವಿನ ತಾಯಿ ಮಾತ್ರ ನನ್ನ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು ತೆಗೆದಳು. ನಾನು ಬಸ್ ಸ್ಟ್ಯಾಂಡಿಗೆ ಹೋದೆ.

ಕಲ್ಲುಬೆಂಚಿನ ಮೇಲೆ ಕೂತಿದ್ದರು. ಮೂರೂವರೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಬೆಂಚಿನ ಈಚೆ ತುದಿಯಲ್ಲಿ ಕೂತೆ.

"ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಹೇಳೋಕೆ ನೋಡ್ತಿದೀನಿ," ಎಂದರು, ನನ್ನ ಕಡೆ ತಿರುಗದೆ. "ಆಗ್ತಿಲ್ಲ. ಸಿಟ್ಟಿದೆ. ನಿಮ್ಮ ಕಷ್ಟ ಗೊತ್ತಾಗುತ್ತೆ, ನಂಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗ್ಬೇಕು. ಆದ್ರೂ ಸಿಟ್ಟಿದೆ."

"ಇರ್ಲಿ. ಇರಬೇಕಾದ್ದೇ."

ಒಂದು ಬಸ್ಸು ಬಂದು ಹೋಯಿತು. ನನಗೆ ಥಟ್ಟನೆ ಅನ್ನಿಸಿತು: ಇಪ್ಪತ್ತಾರು ಸಲ ಆ ಹೆಂಗಸನ್ನು ನೋಡಿದವಳು ನಾನು. ನಮ್ಮೆಜಮಾನರು ಹೋದ ಮೇಲೆ ಅವಳನ್ನು ಪರದೆಯ ಮೇಲೆ ನೋಡಿ ನೆನಪಿಟ್ಟುಕೊಂಡವರು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

"ಹೇಳ್ಲಾ?" ಎಂದೆ. "ಹೇಗಿತ್ತು ಅಂತ?"

ಅವರು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಬಲಗಡೆ ಬಾಗಿಲಿಂದ ಬರ್ತಾರೆ. ಓಡಲ್ಲ, ಓಡಿದ್ರೆ ಯಾರಾದ್ರೂ ಏನಂತಾರೋ ಅನ್ನೋ ಹಾಗೆ ಬೇಗಬೇಗ ನಡೀತಾರೆ. ಜಡೆಗೆ ಕೆಂಪು ರಿಬ್ಬನ್ನು, ತುದೀಲಿ ಬಿಚ್ಚಿಕೊಂಡಿರುತ್ತೆ. ಕೈಗೆಲ್ಲ ಹಿಟ್ಟು ಮೆತ್ತಿರುತ್ತೆ. ಕಾಗದಕ್ಕೆ ಅಂಟಬಾರದು ಅಂತ ಎರಡೇ ಬೆರಳಲ್ಲಿ ಹಿಡ್ಕೊಂಡಿರ್ತಾರೆ."

"ಸಂಡಿಗೆ ಹಿಟ್ಟು," ಎಂದರು ನೀಲಕಂಠಪ್ಪ.

"ಅಣ್ಣಾ, ಇವತ್ತಿನ ಟಪಾಲು ಹೋಯ್ತಾ, ಅಂತ ಕೇಳ್ತಾರೆ." ಅವಳು ಹೇಳುತ್ತಿದ್ದ ಹಾಗೇ ಹೇಳಲು ನೋಡಿದೆ.

"ಅಷ್ಟು ಮೆಲ್ಲಗಲ್ಲ. ಅವಳು ಜೋರು. ಇನ್ನೊಂದ್ಸಲ ಹೇಳಿ."

ಮತ್ತೆ ಹೇಳಿದೆ. ಎರಡು ಸಲ, ಮೂರು ಸಲ. ಬಸ್ ಸ್ಟ್ಯಾಂಡಿನ ಜನ ತಿರುಗಿ ನೋಡಿದರು. ನಾಲ್ಕನೇ ಸಲಕ್ಕೆ ಅವರು ಕಣ್ಣು ಮುಚ್ಚಿ, "ಹಾಂ, ಹತ್ತಿರ ಬಂತು," ಎಂದರು. ಬಂದಿತ್ತೋ, ನನ್ನ ಸಮಾಧಾನಕ್ಕೆ ಹೇಳಿದರೋ.

"ಆಮೇಲೆ?"

"ಕಾಗದ ಹಾಕ್ತಾರೆ. ತಿರುಗಿ ಹೋಗೋಕೆ ಮುಂಚೆ ಒಂದು ಗಳಿಗೆ ಪಕ್ಕಕ್ಕೆ ಯಾರನ್ನೋ ನೋಡ್ತಾರೆ. ಪೋಸ್ಟ್‌ಮನ್ನನ್ನಲ್ಲ. ನಮಗೆ ಕಾಣದ ಕಡೆ. ಹೇಗಿತ್ತು ಅಂತ ಕೇಳೋ ಹಾಗೆ ಹುಬ್ಬು ಹಾರಿಸ್ತಾರೆ. ಕಣ್ಣೆಲ್ಲ ನಗು. ಆ ಕಡೆಯಿಂದ ಉತ್ತರ ಬರಲಿಲ್ಲವೋ ಏನೋ, ನಗು ಹಾಗೇ ಸಣ್ಣಗಾಗುತ್ತೆ. ತಲೆ ತಗ್ಗಿಸಿ ಹೋಗ್ಬಿಡ್ತಾರೆ. ಡೈರೆಕ್ಟರು ಅದನ್ನ ತೆಗೆದು ಹಾಕಬಹುದಿತ್ತು, ಹಾಗೇ ಇಟ್ಟಿದಾನೆ. ಪಿಕ್ಚರಲ್ಲಿ ನಂಗೆ ತುಂಬಾ ಇಷ್ಟವಾದದ್ದು ಅದೇ."

"ಯಾವ ಪಕ್ಕಕ್ಕೆ?"

"ಎಡಕ್ಕೆ. ನಾವು ನೋಡುವಾಗ ಎಡಕ್ಕೆ."

ಅವರು ಬೆಂಚಿನ ಮೇಲೆ ಬೆರಳಿನಿಂದ ಓಣಿ ಬರೆದರು, ಪೆಟ್ಟಿಗೆ ಬರೆದರು, ಕ್ಯಾಮೆರಾ ಇಟ್ಟ ಜಾಗ ಬರೆದರು. ಅದರ ಪಕ್ಕ ಬೆರಳು ನಿಂತಿತು.

"ನಾನು ನಿಂತಿದ್ದೆ ಅಲ್ಲಿ," ಎಂದರು. "ಡ್ಯೂಟಿಗೆ ಹೊತ್ತಾಗಿತ್ತು, ಈ ಚೀಲಾನೇ ಬಗಲಲ್ಲಿತ್ತು. ನಾನು ಅವಳನ್ನ ನೋಡ್ತಿರಲಿಲ್ಲ ತಾಯಿ. ಆ ಕ್ಯಾಮೆರಾ ಮಿಷನ್ನಿನ ಚಕ್ರ ತಿರುಗೋದು ನೋಡ್ತಿದ್ದೆ. ಅದನ್ನ ಮುಂಚೆ ಎಲ್ಲೂ ಕಂಡಿರಲಿಲ್ಲ, ಅದಕ್ಕೇ."

ಆಮೇಲೆ ಅವರು ಅತ್ತರು. ಹೊಸ ಅಂಗಿಯ ತೋಳಿನಲ್ಲಿ ಮುಖ ಒತ್ತಿಕೊಂಡು, ಭುಜ ಕುಣಿಯುವ ಹಾಗೆ. ನಾನು ಪಕ್ಕದಲ್ಲಿ ಕೂತೇ ಇದ್ದೆ. ನನಗೂ ಸೆರಗು ಎತ್ತಿಕೊಳ್ಳಬೇಕು ಎನಿಸಿತು. ಎತ್ತಿಕೊಳ್ಳಲಿಲ್ಲ.

ಬಸ್ಸು ಬಂದಾಗ ಹತ್ತಿ ಕಿಟಕಿಯ ಹತ್ತಿರ ಕೂತರು. ಹೊರಡುವ ಹೊತ್ತಿಗೆ ಬಗ್ಗಿ, "ಬರೋ ವರ್ಷ ಬರ್ತೀನಿ. ಆ ಬಾಗಿಲಾದ್ರೂ ಉಳೀಲಿ. ನೋಡ್ಕೊಳ್ಳಿ," ಎಂದರು.

ಊರಿನ ಹಿರಿಯರು ಸೇರಿ ಪಿಕ್ಚರನ್ನು ಬೇರೆ ಮನೆಗೆ ಕೊಡುವ ಮಾತಾಡಿದರು. ಕೊಡಿ ಎಂದು ನಾನೂ ಹೇಳಿದೆ. ದಸ್ತಗೀರ್ ಸಾಬರು ಎದ್ದುನಿಂತು, "ಇನ್ನು ಮುಂದೆ ಈಕೆಗಿಂತ ಚೆನ್ನಾಗಿ ನೋಡೋರು ಯಾರೂ ಸಿಗಲ್ಲ," ಎಂದರು. ನನ್ನ ಬಳಿಯೇ ಉಳಿಯಿತು. ಆಗಿನಿಂದ ತಿಂಗಳಿಗೊಂದು ಸಲ ನೋಡುತ್ತೇನೆ. ಸಾಬರು ರೀಲು ಬದಲಾಯಿಸುವ ಸಂದಿನಲ್ಲಿ ಕೆಳಗೆ ಬಂದು ಪಕ್ಕದಲ್ಲಿ ಐದೈದು ನಿಮಿಷ ಕೂತು ಹೋಗುತ್ತಾರೆ. ನಗುವ ಕಡೆ ನಗುತ್ತಾರೆ, ಯಾವಾಗಲೂ ತಡವಾಗಿ.

ನೀಲಕಂಠಪ್ಪ ಹೇಳಿದ ಹಾಗೆ ಮರುವರ್ಷ ಬಂದರು. ಪಿಕ್ಚರು ನೋಡಿದರು. ಬಾಗಿಲಿತ್ತು, ಜಗಲಿಯಿತ್ತು, ಸಂಡಿಗೆಯಿತ್ತು. ಆಮೇಲೆ ಅದೇ ಬೆಂಚಿನ ಮೇಲೆ ಕೂತು, "ಹೇಳಿ," ಎಂದರು. ಬಾಗಿಲಿಂದ ಶುರುಮಾಡಿ ಎಲ್ಲ ಹೇಳಿದೆ. ಹುಬ್ಬು ಹಾರಿಸುವ ಕಡೆ ಬಂದಾಗ ಅವರು ಗಾಳಿಯಲ್ಲಿ ಯಾರಿಗೋ ಎನ್ನುವ ಹಾಗೆ ತಲೆಯಾಡಿಸಿದರು, ಚೆನ್ನಾಗಿತ್ತು ಎಂದು. ನಾನು ನೋಡದವಳ ಹಾಗೆ ಆಚೆ ತಿರುಗಿಕೊಂಡೆ.

ಎರಡನೇ ವರ್ಷವೂ ಬಂದರು. ಕೋಲು ಹಿಡಿದಿದ್ದರು, ಅಂಗಿ ದೊಡ್ಡದಾಗಿತ್ತು. ನಾನು ಹೇಳತೊಡಗಿದೆ. "ಜಡೆಗೆ ನೀಲಿ ರಿಬ್ಬನ್ನು..."

"ಕೆಂಪು," ಎಂದರು.

"ಏನಂದ್ರಿ?"

"ಹೋದ ವರ್ಷ ಕೆಂಪು ಅಂದಿದ್ರಿ. ಅದರ ಹಿಂದಿನ ವರ್ಷಾನೂ ಕೆಂಪು ಅಂದ್ರಿ."

ಕಣ್ಣು ಮುಚ್ಚಿ ಹುಡುಕಿದೆ. ಬಾಗಿಲಿನ ನೀಲಿ ಚೆನ್ನಾಗಿ ಕಾಣುತ್ತಿತ್ತು, ತಿಂಗಳು ತಿಂಗಳೂ ನೋಡುತ್ತಿದ್ದೆನಲ್ಲ. ಅದರಿಂದ ಹೊರಗೆ ಬರುವವಳ ಮುಖ ಮಾತ್ರ ಮಸುಕಾಗಿತ್ತು. "ನಂಗೆ ನೆನಪು ಹೋಗ್ತಿದೆ ಯಜಮಾನ್ರೇ," ಎಂದೆ.

ಅವರು ಕೋಲನ್ನು ಬೆಂಚಿಗೆ ಒರಗಿಸಿಟ್ಟರು. ಆಮೇಲೆ, "ಪರವಾಗಿಲ್ಲ. ನಾನು ಹೇಳ್ತೀನಿ, ನೀವು ಕೇಳಿ," ಎಂದರು. ಪಿಕ್ಚರಿನಲ್ಲಿ ಒಂದು ಸಲವೂ ಅವಳನ್ನು ನೋಡದ ಮನುಷ್ಯ, ನಾನು ಹಿಂದೆ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ನನಗೆ ವಾಪಸು ಹೇಳಿದರು. ಎರಡು ಬೆರಳು, ಹಿಟ್ಟು, ಟಪಾಲು, ಹುಬ್ಬು. ಕೇಳುತ್ತ ಕೇಳುತ್ತ ಅವಳು ಒಂದು ಗಳಿಗೆ ನನ್ನ ಕಣ್ಣ ಮುಂದೆ ಬಂದು ನಿಂತಳು.

ಮೂರನೇ ವರ್ಷ ಅವರು ಬರಲಿಲ್ಲ. ಮೂರೂವರೆಯ ಬಸ್ಸಿನ ಕಂಡಕ್ಟರು ಅವರ ಕೈಕೆಳಗೆ ಕೆಲಸ ಕಲಿತವನಂತೆ. ಶ್ರಾವಣದಲ್ಲಿ ಹೋದರು ಎಂದ. ಬಸ್ಸು ಹೊರಟ ಮೇಲೆ ಕಲ್ಲುಬೆಂಚಿನ ಮೇಲೆ ಒಬ್ಬಳೇ ಕೂತೆ. ಸುತ್ತ ಜನರಿದ್ದರು, ನಾಚಿಕೆಯಾಗಲಿಲ್ಲ. ಬಲಗಡೆ ಬಾಗಿಲಿಂದ ಬರ್ತಾರೆ, ಎಂದು ಬಾಯಿಬಿಟ್ಟೇ ಶುರುಮಾಡಿದೆ. ಬೇಗಬೇಗ ನಡೀತಾರೆ. ಜಡೆಗೆ ರಿಬ್ಬನ್ನು. ಅಲ್ಲಿಗೆ ಬಂದು ನಿಂತೆ. ಎಷ್ಟು ಹುಡುಕಿದರೂ ನನ್ನ ಕಣ್ಣಿಗೆ ಬಣ್ಣ ಬರಲಿಲ್ಲ. ಅವರು ಹೇಳಿದ್ದು ಮಾತ್ರ ಕಿವಿಯಲ್ಲಿತ್ತು.

"ಕೆಂಪು," ಎಂದೆ. ಮುಂದಿನದನ್ನು ಹೇಳತೊಡಗಿದೆ.